ನಮ್ಮ ಮನೆಯ ಮುಖ

ನಮ್ಮ ಊರಿನಲ್ಲಿ ಯಾರ ಮನೆಯ ಒಲೆಯ ಅಡುಗೆ ಉಣ್ಣುತ್ತೀರೋ ಅವರ ಮನೆಯ ಮುಖ ನಿಮಗೆ ಬರುತ್ತದೆ. ಹೊರಗಿನವರಿಗಾದರೆ ಮೂರು ತಿಂಗಳು ಹಿಡಿಯುತ್ತದೆ. ಹುಟ್ಟಿದ ಮನೆಯ ಒಲೆಯಾದರೆ ಅಷ್ಟು ಕಾಯಬೇಕಾಗಿಲ್ಲ, ಒಂದು ಊಟಕ್ಕೆ ಹುಬ್ಬು ಮರಳುತ್ತದೆ, ಎರಡನೆಯದಕ್ಕೆ ಮೂಗು. ಪಂಚಮಿಗೆಂದು ತವರಿಗೆ ಹೋದ ಸೊಸೆ ನಾಲ್ಕು ದಿನ ಉಂಡು ಬಂದಳೆಂದರೆ, ಬಾಗಿಲಲ್ಲಿ ನಿಂತ ಗಂಡ "ಯಾರು ಬೇಕಾಗಿತ್ರಿ?" ಎಂದು ಕೇಳುವುದು ನಮ್ಮಲ್ಲಿ ಮಾಮೂಲು. ಹೊಸದಾಗಿ ಮದುವೆಯಾದ ಹುಡುಗಿಯರು ಮೂರನೆಯ ತಿಂಗಳಲ್ಲಿ ಕನ್ನಡಿಯೊಳಗೆ ಅತ್ತೆಯನ್ನು ಕಂಡು ಒಂದು ದಿನ ಅಳುತ್ತಾರೆ, ಆಮೇಲೆ ಕಣ್ಣೊರೆಸಿಕೊಂಡು ತಲೆ ಬಾಚಿಕೊಳ್ಳುತ್ತಾರೆ. ಗಾಣಿಗರ ಚೆನ್ನಬಸ್ಯಾ ಕದ್ದು ಬೇರೆ ಕಡೆ ಉಣ್ಣುತ್ತಿದ್ದ ಸುದ್ದಿ ಹೊರಬಿದ್ದದ್ದು ಅವನ ಮೂಗಿನಿಂದಲೇ. ಅದು ದಿನದಿನಕ್ಕೂ ಬಳೆಗಾರ್ತಿಯ ಮೂಗಿನಂತೆ ಚೂಪಾಗುತ್ತ ಹೋಗಿ, ಒಂದು ಸೋಮವಾರದ ಸಂತೆಯಲ್ಲಿ ಅವನ ಹೆಂಡತಿ ಆ ಎರಡೂ ಮೂಗುಗಳನ್ನು ಒಟ್ಟಿಗೆ ನೋಡಿಬಿಟ್ಟಳು. ಆಮೇಲೆ ನಡೆದದ್ದನ್ನು ಹೇಳುತ್ತ ಕೂತರೆ ನನ್ನ ಕಥೆ ಹಿಂದೆ ಬೀಳುತ್ತದೆ.

ನಮ್ಮ ಮನೆಯದು ಚೆಲುವಾದ ಮುಖವೇನಲ್ಲ. ಕೂಡಿದ ಹುಬ್ಬು, ಮೊಂಡು ಮೂಗು, ಬಲಕ್ಕೆ ತುಸು ವಾಲಿದ ಗದ್ದ. ಆದರೆ ಅದು ನಮ್ಮವ್ವನ ಮುಖ, ಅವಳ ಅತ್ತೆಯ ಮುಖ, ಆ ಅತ್ತೆಯ ಅತ್ತೆಯ ಮುಖ. ಅವ್ವ ತೀರಿಕೊಂಡಾಗ ನನ್ನ ತಮ್ಮ ಯಮನೂರನಿಗೆ ಆರು ವರ್ಷ. ನಾನು ಗಂಡನನ್ನು ಕಳೆದುಕೊಂಡು ಆಗಷ್ಟೇ ತವರಿಗೆ ಮರಳಿದ್ದೆ. ಅವ್ವನ ಒಲೆಯನ್ನು ಆರಗೊಡದೆ ಅವನನ್ನು ಸಾಕಿದೆ. ಮಗು ಅತ್ತಾಗ ಎತ್ತಿಕೊಂಡರೆ ಇಬ್ಬರದೂ ಒಂದೇ ಮುಖ, ಒಂದು ದೊಡ್ಡದು, ಒಂದು ಸಣ್ಣದು. "ಫಕೀರವ್ವಾ, ನೀ ಅವಗ ಅಕ್ಕ ಅಲ್ಲಬೇ, ಅವ್ವ" ಎಂದು ಓಣಿಯವರು ಅನ್ನುತ್ತಿದ್ದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಯುದ್ಧ ನಮ್ಮದಾಗಿರಲಿಲ್ಲ. ಎಲ್ಲೋ ಬಯಲಿನ ಕಡೆ ಎರಡು ಸರಕಾರಗಳು ಒಂದು ನದಿಗಾಗಿ ಬಡಿದಾಡುತ್ತಿದ್ದವು. ನಮ್ಮ ಗುಡ್ಡಗಳ ನಡುವೆ ತೋಪು ಸಾಗಿಸುವ ದಾರಿ ಇದ್ದದ್ದೇ ನಮ್ಮ ತಪ್ಪು. ಮೊದಲು ತೋಪು ಎಳೆಯಲು ಎತ್ತುಗಳನ್ನು ಒಯ್ದರು. ಎತ್ತುಗಳು ಸತ್ತ ಮೇಲೆ ಹುಡುಗರ ಹೆಗಲಿಗೆ ನೊಗ ಕಟ್ಟಲು ಬಂದರು. ಯಮನೂರ ಗರಡಿಯ ಹುಡುಗ, ನೊಗವನ್ನು ತಲೆಯ ಮೇಲೆತ್ತಿ ಕಟ್ಟಲು ಬಂದವನ ಮೇಲೇ ಇಳಿಸಿದ. ಅವತ್ತೇ ಹನ್ನೆರಡು ಮಂದಿ ಗೆಳೆಯರ ಜೊತೆ ಗುಡ್ಡ ಹತ್ತಿದ. ಮರುವಾರ ಹಳ್ಳದ ಸೇತುವೆ ಬಿತ್ತು. ಅವನನ್ನು ಕಂಡಲ್ಲಿ ಗುಂಡು ಹೊಡೆಯಬೇಕೆಂದು ಸರಕಾರದ ಆಜ್ಞೆಯಾಯಿತು. ಆ ದಿನದಿಂದ ನನಗಿದ್ದ ಹಂಬಲ ಒಂದೇ, ಅವನು ಬದುಕಬೇಕು. ಊರು, ಸರಕಾರ, ನದಿ ಏನಾದರೂ ಆಗಲಿ, ಅವನು ಬದುಕಬೇಕು.

ಅವನನ್ನು ಹಿಡಿಯಲು ಬಂದವರು ಕ್ಯಾಪ್ಟನ್ ಪದ್ಮರಾಜ ಸಾಹೇಬರು. ನಲವತ್ತು ಸಿಪಾಯಿಗಳ ಜೊತೆ ಬಂದು ಶಾಲೆಯಲ್ಲಿ ಬಿಡಾರ ಹೂಡಿದರು. ಸಣ್ಣ ವಯಸ್ಸು, ಬಿಳಿಚು ಮುಖ, ನೀಟಾದ ಉದ್ದ ಮೂಗು. ಬಗಲಲ್ಲಿ ಸದಾ ಒಂದು ಪುಸ್ತಕ. ಹಳ್ಳಿಯವರ ಮನಸ್ಸು ಗೆಲ್ಲುವುದು ಹೇಗೆಂದು ಅದರಲ್ಲಿ ಬರೆದಿತ್ತಂತೆ. ಬರೆದವನು ಯಾವ ಹಳ್ಳಿಯಲ್ಲಿ ಉಂಡಿದ್ದನೋ ದೇವರಿಗೇ ಗೊತ್ತು.

ಮೂರನೆಯ ದಿನ ಊರವರನ್ನೆಲ್ಲ ಶಾಲೆಯ ಮುಂದೆ ಕೂಡಿಸಿದರು. "ನಿಮಗೊಂದು ಬಾವಿ ತೋಡಿಸಿಕೊಡುತ್ತೇವೆ, ನೀವು ಆಳು ಕಳಿಸಬೇಕು" ಎಂದರು. "ಆತ್ರಿ" ಎಂದೆವು. "ಗುಡ್ಡದವರಿಗೆ ಒಂದು ತುತ್ತೂ ಕೊಡಬಾರದು." "ಆತ್ರಿ." "ಅವರು ಊರಿಗೆ ಬಂದರೆ ತಕ್ಷಣ ತಿಳಿಸಬೇಕು." "ಆತ್ರಿ." ಸಾಹೇಬರ ಮುಖ ಹಿಗ್ಗಿನಿಂದ ಕೆಂಪಾಯಿತು. ನಮ್ಮಲ್ಲಿ ಆತ್ರಿ ಎಂದರೆ ನೀವು ಹೇಳಿದ್ದು ಕಿವಿಗೆ ಬಿತ್ತು, ಇನ್ನು ಸಾಕು ಮಾಡಿ, ಮನೆಯಲ್ಲಿ ಕೆಲಸ ಬಿದ್ದಿದೆ ಎಂದರ್ಥ. ಬೀಗರಿಗೂ ಅದನ್ನೇ ಅನ್ನುತ್ತೇವೆ, ಉಪದೇಶ ಹೇಳುವ ಸ್ವಾಮಿಗಳಿಗೂ ಅದನ್ನೇ. ಸಾಹೇಬರ ಕಡೆ ಆಯಿತು ಎಂದರೆ ಆಗಿಹೋಯಿತು ಎಂದು. ಅವರು ಮೇಲಿನ ಕರ್ನಲ್ ಸಾಹೇಬರಿಗೆ ಬರೆದ ಕಾಗದವನ್ನು ಆಮೇಲೊಮ್ಮೆ ನನಗೇ ಓದಿ ತೋರಿಸಿದ್ದರು. "ಬಾವಿಯ ಕೆಲಸ, ಆಯಿತು. ಗುಡ್ಡಕ್ಕೆ ಅನ್ನ ನಿಲ್ಲಿಸುವುದು, ಆಯಿತು. ಜನರ ಸಹಕಾರ, ಆಯಿತು." ಬಾವಿ ಇವತ್ತಿಗೂ ಮೊಣಕಾಲುದ್ದ ಇದೆ, ಅದರಲ್ಲಿ ನೇಕಾರರ ತಿಪ್ಪವ್ವಜ್ಜಿಯ ಕೋಳಿಗಳು ಮಣ್ಣು ಕೆದರುತ್ತವೆ.

ಸುದ್ದಿ ಕೊಟ್ಟವರಿಗೆ ಸೀಮೆಎಣ್ಣೆ ಕೊಡುತ್ತೇವೆಂದು ಡಂಗುರ ಹೊಡೆಸಿದ ಮೇಲೆ ಹನ್ನೊಂದು ಮಂದಿ ಬಂದು ಸುದ್ದಿ ಕೊಟ್ಟರು. ಗುಡ್ಡದವರ ಸುದ್ದಿಯಲ್ಲ, ಬದುವಿನ ಜಗಳದ ಸುದ್ದಿ. ಕಂಬಾರನು ಬಡಿಗನ ಹೆಸರು ಹೇಳಿದ, ಬಡಿಗನು ಕಂಬಾರನ ಹೆಸರು ಹೇಳಿದ, ಸಿಪಾಯಿಗಳು ಇಬ್ಬರ ಬಾಗಿಲನ್ನೂ ಒದ್ದು ಮುರಿದರು. ಇಪ್ಪತ್ತು ವರ್ಷದಿಂದ ಮಾತು ಬಿಟ್ಟಿದ್ದ ಆ ಎರಡು ಮನೆಯ ಹುಡುಗರು ಮರುದಿನ ಹೆಗಲ ಮೇಲೆ ಕೈ ಹಾಕಿಕೊಂಡು ಗುಡ್ಡ ಹತ್ತಿದರು. ಹದಿಮೂರು ಇದ್ದವರು ಹದಿನೈದಾದರು.

ಆಮೇಲೆ ಫೋಟೋ ಬಂತು. ಯಮನೂರ ಕುಸ್ತಿ ಗೆದ್ದಾಗ ತೆಗೆಸಿದ್ದು. ಅದನ್ನು ದೊಡ್ಡದು ಮಾಡಿ ಗೋಡೆಗೋಡೆಗೆ ಹಚ್ಚಿದರು. ಕೂಡಿದ ಹುಬ್ಬು, ಮೊಂಡು ಮೂಗು, ವಾಲಿದ ಗದ್ದ. ಮೊದಲ ದಿನವೇ ಆ ಮುಖ ಕಂಡಿತೆಂದು ಸಿಪಾಯಿಗಳು ನನ್ನನ್ನು ಹಿಡಿದರು, ನಮ್ಮ ಒಲೆಯಲ್ಲೇ ಉಣ್ಣುತ್ತಿದ್ದ, ಎಂಬತ್ತು ದಾಟಿದ ಸೋದರತ್ತೆಯನ್ನೂ ಹಿಡಿದರು. "ನಾ ಏನ್ ಕುಸ್ತಿ ಆಡೋಳಾಗಿ ಕಾಣ್ತೀನೇನೋ ಮೂಳಾ?" ಎಂದು ಸೋದರತ್ತೆ ಬೈದದ್ದಕ್ಕೆ ಹೆದರಿ ಬಿಟ್ಟುಕಳಿಸಿದರು.

ಹೆದ್ದಾರಿಯ ಸೇತುವೆಯೂ ಬಿದ್ದ ಮೇಲೆ ಸೈನ್ಯಕ್ಕೆ ಡಬ್ಬಿಯ ಊಟ ಬರುವುದು ನಿಂತಿತು. ಕ್ಯಾಪ್ಟನ್ ಸಾಹೇಬರು ಪುಸ್ತಕ ತಿರುವಿ ಹಾಕಿ, ಒಬ್ಬೊಬ್ಬ ಸಿಪಾಯಿಯನ್ನು ಒಂದೊಂದು ಮನೆಗೆ ಊಟಕ್ಕೆ ಹಂಚಿದರು. ಉಣ್ಣಲು ಬಂದವರಿಗೆ ಬೇಡ ಎನ್ನುವ ರೂಢಿ ನಮ್ಮಲ್ಲಿಲ್ಲ. ಏನಾಗುತ್ತದೆಂದು ಅವರೂ ಕೇಳಲಿಲ್ಲ, ನಾವೂ ಹೇಳಲಿಲ್ಲ. ಸಾಹೇಬರು ತಮಗೆಂದು ಆರಿಸಿಕೊಂಡದ್ದು ನಮ್ಮ ಮನೆ. ಅಕ್ಕನ ಕೈ ಊಟ ಬಿಟ್ಟು ತಮ್ಮ ಬಹಳ ದಿನ ಇರಲಾರ ಎಂಬುದು ಅವರ ಲೆಕ್ಕಾಚಾರ. ಹಿತ್ತಲ ಬಾಗಿಲಿಗೊಬ್ಬ ಕಾವಲುಗಾರ, ಮುಂಬಾಗಿಲಿಗೊಬ್ಬ. ನಮ್ಮ ಒಲೆಯಿಂದ ಒಂದು ರೊಟ್ಟಿಯ ಚೂರೂ ಗುಡ್ಡಕ್ಕೆ ಹೋಗದಂತಾಯಿತು. ಉಳಿದ ಮನೆಗಳಿಂದ ಮಾತ್ರ ಸೀರೆಯ ಸೆರಗಿನಲ್ಲಿ, ಹುಲ್ಲಿನ ಹೊರೆಯಲ್ಲಿ, ಸತ್ತವರ ಎಡೆಯ ಬುಟ್ಟಿಯಲ್ಲಿ ರೊಟ್ಟಿ ಗುಡ್ಡ ಹತ್ತುತ್ತಲೇ ಇತ್ತು.

ಸಾಹೇಬರು ದಿನಾ ಮಧ್ಯಾಹ್ನ ಪಡಸಾಲೆಯಲ್ಲಿ ಕೂತು, ಪಿಸ್ತೂಲನ್ನು ತಟ್ಟೆಯ ಪಕ್ಕದಲ್ಲಿಟ್ಟು ಉಣ್ಣುತ್ತಿದ್ದರು. ಮೊದಲ ದಿನ ಕೆಂಪುಖಾರಕ್ಕೆ ಕಣ್ಣು ಮೂಗು ಎಲ್ಲ ಸುರಿಯಿತು. "ಇದು ವಿಷವಲ್ಲ ತಾನೇ?" ಎಂದರು. "ವಿಷಕ್ಕ ಇಷ್ಟು ಬಳ್ಳೊಳ್ಳಿ ಯಾರು ಹಾಕ್ತಾರ್ರಿ?" ಎಂದೆ. ತಿಂಗಳು ಕಳೆಯುವ ಹೊತ್ತಿಗೆ ಎಣಗಾಯಿ ಪಲ್ಯ ಎರಡನೆಯ ಸಲ ಕೇಳುತ್ತಿದ್ದರು. ಎರಡನೆಯ ತಿಂಗಳಲ್ಲಿ ಪಿಸ್ತೂಲನ್ನು ಗೂಡಿನಲ್ಲಿ, ಎಣ್ಣೆ ಬಾಟಲಿಯ ಪಕ್ಕ ಇಡತೊಡಗಿದರು. ಅವರಿಗೂ ಊರಲ್ಲಿ ತಾಯಿ ಇದ್ದಳು, ಅವಳ ಮಾತು ಬಂದಾಗ ಸಣ್ಣ ಹುಡುಗನಂತೆ ದನಿ ಇಳಿಸುತ್ತಿದ್ದರು. ನನ್ನ ತಮ್ಮನನ್ನು ಕೊಲ್ಲಲು ಬಂದವನಿಗೆ ಬಿಸಿ ರೊಟ್ಟಿ ಬಡಿಯುತ್ತಿದ್ದೇನಲ್ಲ ಎಂದು ಸಿಟ್ಟು ಬರುತ್ತಿತ್ತು. ಆ ಸಿಟ್ಟಿಗೆ ರೊಟ್ಟಿ ಇನ್ನಷ್ಟು ತೆಳ್ಳಗಾಗಿ ಚೆನ್ನಾಗಿ ಬರುತ್ತಿತ್ತು, ಏನು ಮಾಡುವುದು!

ಅಂಥ ಒಂದು ಮಧ್ಯಾಹ್ನ ಓಣಿಯಲ್ಲಿ ಸಾಣೆಯವನು ಕೂಗಿದ. ನಾನು ಈಳಿಗೆ ಹಿಡಿದುಕೊಂಡು ಹೊರಗೆ ಬಂದೆ. ಯಾರೋ ಪರವೂರ ಹುಡುಗ, ಕುಂಬಾರರ ಕಿವಿ, ನೇಕಾರರ ಕಣ್ಣು, ಯಾರದೋ ಮೂಗು, ಯಾರದೋ ಬಾಯಿ. ಚಕ್ರ ತುಳಿಯುತ್ತ ತಲೆ ಬಗ್ಗಿಸಿಯೇ "ಯಕ್ಕಾ" ಎಂದ. ಕೈಯಿಂದ ಈಳಿಗೆ ಜಾರಿತು. ಊರಿನ ಎಲ್ಲ ಮನೆಯ ರೊಟ್ಟಿ ತಿಂದು ತಿಂದು ಅವನ ಮುಖದಲ್ಲಿ ಇಡೀ ಊರು ಬಂದು ಕೂತಿತ್ತು, ನಮ್ಮ ಮನೆಯೊಂದು ಬಿಟ್ಟು. ದನಿ ಮಾತ್ರ ಅವನದೇ. ಮುಟ್ಟಬೇಕೆನಿಸಿತು, ಮುಟ್ಟಲಿಲ್ಲ. ಅಷ್ಟರಲ್ಲಿ ಸಾಹೇಬರು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು, ತಮ್ಮ ಸೊಂಟದ ಚಾಕುವನ್ನು ಅವನ ಕೈಗೆ ಕೊಟ್ಟರು.

"ಊರೂರು ತಿರುಗುವವನು ನೀನು. ಯಮನೂರನನ್ನು ಎಲ್ಲಾದರೂ ಕಂಡೆಯಾ?"

"ಈಗ ಇಲ್ಲೇ ಇದ್ದ ನೋಡ್ರಿ ಸಾಹೇಬ್ರ" ಎಂದ ಯಮನೂರ, ಚಾಕುವಿನ ಅಲಗನ್ನು ಬೆರಳಲ್ಲಿ ಸವರಿ ನೋಡುತ್ತ.

ಸಾಹೇಬರು ಸಿಪಾಯಿಗಳನ್ನು ಕರೆದು ಓಣಿಯ ಎರಡೂ ತುದಿಗೆ ಓಡಿಸಿದರು. ಚಾಕು ಚೆನ್ನಾಗಿ ಹದವಾಗಿದೆ ಎಂದು ಸಾಣೆಯವನನ್ನು ಹೊಗಳಿದರು. ಅವನು ಅವತ್ತಿನಿಂದ ವಾರಕ್ಕೊಮ್ಮೆ ಹಾಡಹಗಲೇ ಬರತೊಡಗಿದ. ನಾನು ಅವನಿಗೆ ಒಂದು ಲೋಟ ನೀರು ಕೊಡಬಹುದಾಗಿತ್ತು, ಅಷ್ಟೇ.

ಸಿಪಾಯಿಗಳು ನಮ್ಮ ಒಲೆಗಳಲ್ಲಿ ಉಣ್ಣತೊಡಗಿ ಮೂರು ತಿಂಗಳು ತುಂಬಿದವು. ತಿಪ್ಪವ್ವಜ್ಜಿಯ ಮನೆಗೆ ಹಂಚಿದ ಸಿಪಾಯಿಗೆ ನೇಕಾರರ ಮನೆಯ ಬೆಕ್ಕುಗಣ್ಣು ಬಂತು. ಅಜ್ಜಿ ಅವನನ್ನು ಮೊಮ್ಮಗನೆಂದೇ ತಿಳಿದು ಮಗ್ಗಕ್ಕೆ ಕೂರಿಸಿದಳು. ಬಂದೂಕು ಎಲ್ಲಿ ಎಂದು ಹವಾಲ್ದಾರರು ಕೇಳಿದರೆ "ತಡೀರಿ, ಇನ್ನ ನಾಕ್ ಮಳ ನೇಯೂದೈತಿ" ಎಂದನಂತೆ. ಮಾತೂ ನಮ್ಮದೇ ಬಂದುಬಿಟ್ಟಿತ್ತು. ಕಾವಲಿನವನು ತನ್ನ ಗೆಳೆಯನನ್ನೇ ಗುಡ್ಡದವನೆಂದು ತಡೆದ, ಗುಡ್ಡದವನನ್ನು ತನ್ನ ಗೆಳೆಯನೆಂದು ಬೀಡಿ ಕೊಟ್ಟು ಕಳಿಸಿದ. ಗುರುತಿಗಿರಲಿ ಎಂದು ಸಾಹೇಬರು ಸಿಪಾಯಿಗಳ ಮುಂಗೈಗೆಲ್ಲ ಹಳದಿ ದಾರ ಕಟ್ಟಿಸಿದರು. ಚಂದ ಕಾಣುತ್ತದೆಂದು ಮರುದಿನ ಇಡೀ ಊರು ಹಳದಿ ದಾರ ಕಟ್ಟಿಕೊಂಡಿತು. ಇದರಲ್ಲಿ ಕುಚೋದ್ಯವೇನೂ ಇರಲಿಲ್ಲ ಎಂದು ನಾನು ಆಣೆ ಮಾಡಿ ಹೇಳಲಾರೆ.

ಊರಿಗೆ ಬಂದ ಐದನೆಯ ತಿಂಗಳ ಒಂದು ದಿನ ಸಾಹೇಬರು ಟೋಪಿಯನ್ನು ಮೂಗಿನ ತನಕ ಎಳೆದುಕೊಂಡು ಊಟಕ್ಕೆ ಬಂದರು. ಕೂತು, ಟೋಪಿ ತೆಗೆದರು. ಹುಬ್ಬು ಕೂಡಿತ್ತು, ಮೂಗು ಮೊಂಡಾಗಿತ್ತು, ಗದ್ದ ಬಲಕ್ಕೆ ವಾಲಿತ್ತು. ಕಿಸೆಯಿಂದ ಯಮನೂರನ ಫೋಟೋ ತೆಗೆದು ಮುಖದ ಪಕ್ಕದಲ್ಲಿ ಹಿಡಿದರು.

"ಇದೇನಿದು?" ಎಂದರು.

"ಯಾಕ್ರಿ? ಚಲೋನೇ ಐತಲ್ರಿ ಮಾರಿ."

"ನಮ್ಮ ತಾಯಿ ನನ್ನನ್ನು ಗುರುತು ಹಿಡಿಯುವುದಿಲ್ಲ" ಎಂದರು. ಅವರ ಕಣ್ಣಲ್ಲಿ ನೀರಿತ್ತು, ಅವತ್ತು ಪಲ್ಯದಲ್ಲಿ ಖಾರ ಕಡಿಮೆಯೇ ಇತ್ತು. ನನಗೆ ಪಾಪ ಅನ್ನಿಸಿತು. "ನಿಮ್ಮವ್ವನ ಕೈಯಾಗ ಒಂದ್ ಹೊತ್ತು ಉಂಡ್ರ ಎಲ್ಲಾ ಸರಿ ಆಕ್ಕೈತ್ರಿ. ಈಗ ಉಣ್ರಿ, ರೊಟ್ಟಿ ಆರ್ತಾವು" ಎಂದೆ. ಉಂಡರು. ಬೇರೆ ಏನು ತಿನ್ನಬೇಕು ಅವರಾದರೂ?

ಏಳನೆಯ ತಿಂಗಳಲ್ಲಿ ಕರ್ನಲ್ ಸಾಹೇಬರೇ ಬಂದರು. ಬರೆದ ಕಾಗದದಲ್ಲೆಲ್ಲ ಆಯಿತು, ಆಯಿತು ಎಂದಿದ್ದರೂ ಏಳು ಸೇತುವೆಗಳು ಬಿದ್ದಿದ್ದವು. ಹೊಸ ಸಿಪಾಯಿಗಳ ಎರಡು ಲಾರಿ ತುಂಬಿಕೊಂಡು, ಊಟದ ಹೊತ್ತಿಗೆ ಸರಿಯಾಗಿ ಬಂದು ನಮ್ಮ ಓಣಿಯಲ್ಲಿ ಇಳಿದರು. ಕ್ಯಾಪ್ಟನ್ ಸಾಹೇಬರ ಸಮವಸ್ತ್ರ ಒಗೆದು ಹಾಕಿತ್ತು. ಅವರು ಬರೀ ಬನಿಯನ್ ಮೇಲೆ, ನಮ್ಮಪ್ಪನ ಹಳೆಯ ಪಂಚೆ ಸುತ್ತಿಕೊಂಡು, ಬಾಯಿ ತುಂಬ ರೊಟ್ಟಿ ಇಟ್ಟುಕೊಂಡು ಪಡಸಾಲೆಯಲ್ಲಿ ಕೂತಿದ್ದರು. ಕರ್ನಲ್ ಬಾಗಿಲಲ್ಲಿ ನಿಂತರು. ಗೋಡೆಯ ಮೇಲಿನ ಚಿತ್ರ ನೋಡಿದರು, ಒಳಗೆ ಉಣ್ಣುತ್ತಿದ್ದವರನ್ನು ನೋಡಿದರು.

"ಸಿಕ್ಕಿಬಿದ್ದ!" ಎಂದು ಕೂಗಿದರು.

ಹೊಸ ಸಿಪಾಯಿಗಳು ತಟ್ಟೆಯ ಮೇಲಿಂದಲೇ ಅವರನ್ನು ಎಳೆದರು. "ಸರ್, ನಾನು ಪದ್ಮರಾಜ! ಈ ಮನೆಯಲ್ಲಿ ಉಂಡು ಉಂಡು ಹೀಗಾಗಿದೆ ಸರ್!" ಎಂದರು ಅವರು. ಗುರುತಿನ ಚೀಟಿ ತೋರಿಸಿದರು, ಅದರಲ್ಲಿ ಉದ್ದ ಮೂಗಿನ ಬಿಳಿಚು ಹುಡುಗ ಇದ್ದ. ಗೂಡಿನಲ್ಲಿ ಪಿಸ್ತೂಲು ಸಿಕ್ಕಿತು, ಹಿತ್ತಲಲ್ಲಿ ಸಮವಸ್ತ್ರ ಒಣಗುತ್ತಿತ್ತು. ಕ್ಯಾಪ್ಟನ್‌ನನ್ನು ಕೊಂದು ಅವನ ಬಟ್ಟೆ ಬಿಚ್ಚಿಕೊಂಡಿದ್ದಾನೆ ಎಂದು ಕರ್ನಲ್ ತೀರ್ಮಾನಿಸಿಬಿಟ್ಟರು. ಕೈ ಕಟ್ಟಿ ಶಾಲೆಯ ಗೋಡೆಗೆ ನಿಲ್ಲಿಸಿದರು. ಹಳೆಯ ಸಿಪಾಯಿಗಳು ಓಡಿ ಬಂದು "ಅವ್ರು ನಮ್ ಕ್ಯಾಪ್ಟನ್ ಸಾಹೇಬ್ರ ಅದಾರ್ರಿ, ಬಿಡ್ರಿ!" ಎಂದು ಗೋಗರೆದರು. ಅವರದೂ ನಮ್ಮ ಮುಖ, ನಮ್ಮ ಮಾತು, ನಮ್ಮ ಪಂಚೆ, ಕೈಯಲ್ಲಿ ಹಳದಿ ದಾರ. ಕರ್ನಲ್ ಅವರನ್ನೂ ಊರವರ ಗುಂಪಿಗೆ ತಳ್ಳಿಸಿದರು.

ಊರೆಲ್ಲ ಬಂದು ನೆರೆದಿತ್ತು. ಬೇವಿನ ಮರದ ಕೆಳಗೆ ಸಾಣೆಯ ಚಕ್ರ ಇಟ್ಟುಕೊಂಡು ಯಮನೂರನೂ ನಿಂತಿದ್ದ. ಅವತ್ತು ಅವನ ವಾರದ ದಿನವಾಗಿತ್ತು.

"ಏಳು ತಿಂಗಳಿಂದ ನೀವು ಆಯಿತು ಅಂದದ್ದು ಒಂದೂ ಆಗಿಲ್ಲ" ಎಂದರು ಕರ್ನಲ್. "ನಿಮ್ಮ ಭಾಷೆ ಈಗ ನನಗೆ ಅರ್ಥವಾಗಿದೆ. ನೀವು ಹೌದು ಎಂದರೆ ಅಲ್ಲ, ಅಲ್ಲ ಎಂದರೆ ಹೌದು. ಅಕ್ಕ ಯಾರು? ಮುಂದೆ ಬಾ. ಇವನು ನಿನ್ನ ತಮ್ಮನೇ?"

ಸುಳ್ಳು ಯಾಕೆ ಹೇಳಲಿ, ಆಸೆ ಆಯಿತು. ಕರ್ನಲ್ ಸಾಹೇಬರಿಗೆ ಬೇಕಾದದ್ದನ್ನು ಅಂದು ಸುಮ್ಮನಾದರೆ ಸಾಕಾಗಿತ್ತು. ಗುಂಡು ಹಾರುತ್ತದೆ, ಸರಕಾರದ ಕಾಗದದಲ್ಲಿ ಯಮನೂರ ಸಾಯುತ್ತಾನೆ, ನಮ್ಮ ಯಮನೂರ ನೂರು ವರ್ಷ ಬಾಳುತ್ತಾನೆ. ಊರಿನವರೆಲ್ಲ ಅದನ್ನೇ ಯೋಚಿಸುತ್ತಿದ್ದರೆಂದು ಅವರ ಉಸಿರಿನಲ್ಲೇ ಗೊತ್ತಾಗುತ್ತಿತ್ತು. ತಲೆ ಎತ್ತಿ ಗೋಡೆಯ ಕಡೆ ನೋಡಿದೆ. ಅಲ್ಲಿ ನಮ್ಮವ್ವನ ಮುಖ ನಿಂತಿತ್ತು. ತುಟಿಯ ಅಂಚಿಗೆ ನಾನು ಬಡಿಸಿದ ಕೆಂಪುಖಾರ ಇನ್ನೂ ಮೆತ್ತಿಕೊಂಡಿತ್ತು. ಆ ಮುಖ ನನ್ನನ್ನು ನೋಡಿ "ಅಕ್ಕಾ" ಎಂದಿತು, ಏಳು ತಿಂಗಳಲ್ಲಿ ಮೊದಲ ಸಲ.

"ಅಲ್ರಿ" ಎಂದೆ. "ಇವ್ರು ಕ್ಯಾಪ್ಟನ್ ಸಾಹೇಬ್ರು. ದೇವರಾಣಿ, ನನ್ನ ತಮ್ಮ ಅಲ್ರಿ."

"ಅಲ್ಲ ಅಂದಳು. ಹಾಗಾದರೆ ಇವನೇ" ಎಂದು ಕರ್ನಲ್ ಬಂದೂಕಿನವರಿಗೆ ಕೈ ಮಾಡಿದರು.

ಬಂದೂಕುಗಳು ಎದ್ದವು. ಇಂಥ ಮನುಷ್ಯನಿಗೆ ನಿಜ ಹೇಳಿದ್ದು ನನ್ನದೇ ದಡ್ಡತನ. ಓಡಿಹೋಗಿ ಸಾಹೇಬರ ಕೊರಳಿಗೆ ಬಿದ್ದೆ. "ತಪ್ಪಾತ್ರಿ! ಇವ್ನ ನನ್ನ ತಮ್ಮ, ಇವ್ನ ಯಮನೂರ! ಹೊಡೀರಿ, ಲಗೂ ಹೊಡೀರಿ, ಪೀಡಾ ಹೋಗ್ಲಿ! ನಾಳಿಯಿಂದ ಹುಡುಕೂದು ಬಿಟ್ಟು ಎಲ್ಲಾರೂ ಮನಿಗೆ ಹೋಗ್ರಿ!" ಎಂದು ಎದೆ ಬಡಿದುಕೊಂಡು ಅತ್ತೆ. ತಿಪ್ಪವ್ವಜ್ಜಿಗೆ ನನಗಿಂತ ಚುರುಕು ಬುದ್ಧಿ. "ಹೌದ್ರಿ, ಅವನ ಯಮನೂರ! ನಾನ ಹೆರಿಗಿ ಮಾಡಿಸೀನಿ!" ಎಂದು ಅವಳೂ ಕೂಗಿದಳು. ಮಗ್ಗದ ಸಿಪಾಯಿಯ ಪಕ್ಕೆಗೆ ತಿವಿದಳು. "ಹೌದ್ರಿ, ಅವನರಿ!" ಎಂದು ಹಳೆಯ ಸಿಪಾಯಿಗಳೂ ಸೇರಿ ಊರೆಲ್ಲ ಒಂದೇ ಸಮ ಕಿರುಚಿತು.

ಕರ್ನಲ್ ಕೈ ಇಳಿಸಿದರು. ಯಾರನ್ನೋ ಕೊಲ್ಲಿಸಿ ನಮ್ಮ ಕಣ್ಣಿಗೆ ಮಣ್ಣೆರಚುತ್ತಿದ್ದಾರೆ ಎಂದು ಪಕ್ಕದವನಿಗೆ ಹೇಳಿ ನಕ್ಕರು. ನಮ್ಮ ಕಡೆ ತಿರುಗಿ, "ಹಾಗಾದರೆ ಇವರು ಕ್ಯಾಪ್ಟನ್ ಪದ್ಮರಾಜ ಅಲ್ಲ ಅನ್ನಿ!" ಎಂದರು.

"ಅಲ್ರಿ! ಅಲ್ಲವೇ ಅಲ್ರಿ!"

"ಕಟ್ಟು ಬಿಚ್ಚಿ" ಎಂದರು ಕರ್ನಲ್.

ನಾನು ಸೆರಗಿನಿಂದ ಮುಖ ಒರೆಸಿಕೊಂಡು ಹಿಂದೆ ಸರಿಯುವಷ್ಟರಲ್ಲಿ ಅವರ ಬೆತ್ತ ನನ್ನ ಭುಜಕ್ಕೆ ತಗುಲಿತು. "ನಿಲ್ಲು. ನಿಜವಾದ ಯಮನೂರ ಎಲ್ಲಿದ್ದಾನೆ? ಈ ಊರಲ್ಲೇ ಇದ್ದಾನೆಯೇ?"

ಇಲ್ಲ ಎಂದರೆ ಇದ್ದಾನೆ ಎಂದಾಗುತ್ತಿತ್ತು. ಆಮೇಲೆ ಗಂಡಸರನ್ನೆಲ್ಲ ಸಾಲಾಗಿ ನಿಲ್ಲಿಸುತ್ತಿದ್ದರು, ಹೊಸ ಸಿಪಾಯಿಗಳ ಬಂದೂಕುಗಳು ತುಂಬಿಯೇ ಇದ್ದವು. ಗೊತ್ತಿಲ್ಲ ಎಂದರೆ ಗೊತ್ತಿದೆ ಎಂದು ಚರ್ಮ ಸುಲಿಯುತ್ತಿದ್ದರು. ಉಳಿದದ್ದು ಒಂದೇ ದಾರಿ. ಅವನನ್ನು ಕಂಕುಳಲ್ಲಿ ಹೊತ್ತು ತಿರುಗಿದ ಇದೇ ಕೈಯನ್ನು ಎತ್ತಿ, ಬೇವಿನ ಮರದ ಕಡೆ ಬೆರಳು ಮಾಡಿದೆ.

"ಇದಾನ್ರಿ. ಅಲ್ಲಿ ನಿಂತಾನಲ್ರಿ, ಸಾಣಿ ಹಿಡಿಯಾಂವ. ಅವನ ನನ್ನ ತಮ್ಮ ಯಮನೂರ."

ತಿಪ್ಪವ್ವಜ್ಜಿ ಬಾಯಿಗೆ ಕೈ ಇಟ್ಟುಕೊಂಡಳು. ಕರ್ನಲ್ ಬೂಟು ಸದ್ದು ಮಾಡುತ್ತ ಮರದ ಕೆಳಗೆ ಹೋದರು, ಫೋಟೋವನ್ನು ಯಮನೂರನ ಮುಖದ ಪಕ್ಕ ಹಿಡಿದರು. ಕುಂಬಾರರ ಕಿವಿ ನೋಡಿದರು, ನೇಕಾರರ ಕಣ್ಣು ನೋಡಿದರು.

"ನೀನೇ ಏನು ಯಮನೂರ?"

"ಹೌದ್ರಿ ಸಾಹೇಬ್ರ" ಎಂದ ನನ್ನ ತಮ್ಮ, ಕುಸ್ತಿ ಗೆದ್ದವನಂತೆ ಹಲ್ಲು ಕಿರಿದು. "ನಾನ ಯಮನೂರ."

ಕರ್ನಲ್ ಸಾಣೆಯ ಚಕ್ರಕ್ಕೆ ಒದ್ದರು. "ಒಬ್ಬ ಬಡಪಾಯಿಯನ್ನು ಬಲಿ ಕೊಡಲು ಹೊರಟಿದ್ದೀಯಲ್ಲ, ನಾಚಿಕೆಯಿಲ್ಲವೇ ನಿನಗೆ?" ಎಂದು ನನ್ನ ಮೇಲೆ ಹರಿಹಾಯ್ದರು. ನಾನು ನಾಚಿಕೆಯಿಂದ ತಲೆ ತಗ್ಗಿಸಿದೆ. ತಗ್ಗಿಸಿದ ತಲೆಯನ್ನು ತುಸುವೇ ಎತ್ತಿದಾಗ ಕ್ಯಾಪ್ಟನ್ ಸಾಹೇಬರ ಕಣ್ಣಿಗೆ ನನ್ನ ಕಣ್ಣು ಸಿಕ್ಕಿತು. ಅವರು ಮಣಿಕಟ್ಟು ತಿಕ್ಕಿಕೊಳ್ಳುತ್ತ ನನ್ನನ್ನು ನೋಡಿದರು, ಯಮನೂರನನ್ನು ನೋಡಿದರು. ಆ ಜಾಗದಲ್ಲಿ ನನ್ನ ಮಾತನ್ನು ನಂಬಿದ ಹೊರಗಿನವರು ಅವರೊಬ್ಬರೇ. ಅವರು ಬಾಯಿ ತೆರೆದರು.

"ಸರ್, ಸಾಣೆಯವನು ಪಾಪದವನು" ಎಂದರು ಅವರು. "ನನ್ನ ಚಾಕುವನ್ನು ಚೆನ್ನಾಗಿ ಹದ ಮಾಡಿಕೊಟ್ಟಿದ್ದ."

ಯಮನೂರ ಊರಲ್ಲೇ ಇದ್ದಾನೆಂದು ಅಕ್ಕನೇ ಹೇಳಿದ ಮೇಲೆ, ಅವನು ಊರಲ್ಲಿಲ್ಲ ಎಂಬುದು ಕರ್ನಲ್ ಸಾಹೇಬರಿಗೆ ಖಾತ್ರಿಯಾಯಿತು. ಸಂಜೆಯೊಳಗೆ ಸೈನ್ಯ ಗಂಟುಮೂಟೆ ಕಟ್ಟಿತು. ಎರಡು ಗುಡ್ಡ ದಾಟಿ ಇನ್ನೊಂದು ಊರಿದೆ, ಅಲ್ಲಿಯವರು ಯಮನೂರನ ಮುಖವನ್ನೇ ಕಂಡಿಲ್ಲ ಎಂದು ನಿಜ ಹೇಳಿದ್ದರಂತೆ, ಪಾಪ. ಸೈನ್ಯ ಅಲ್ಲಿಗೆ ಹೋಗಿ ಇಳಿಯಿತು. ಮಗ್ಗದ ಸಿಪಾಯಿ ಲಾರಿ ಹತ್ತಲಿಲ್ಲ, ಯಾರಿಗೂ ಅದು ಗೊತ್ತೂ ಆಗಲಿಲ್ಲ. ಕ್ಯಾಪ್ಟನ್ ಸಾಹೇಬರು ಮುಖಕ್ಕೆ ವಸ್ತ್ರ ಸುತ್ತಿಕೊಂಡು, ಲಾರಿಯಿಂದಲೇ ನನಗೆ ಕೈ ಮುಗಿದರು. ಹೋಗುವ ಮುಂಚೆ ಕರ್ನಲ್ ಗೋಡೆಗಳಿಗೆ ಹೊಸ ಚಿತ್ರ ಹಚ್ಚಿಸಿದ್ದರು, ಮೊದಲಿನದಕ್ಕಿಂತ ದೊಡ್ಡದು. ವಾರಕ್ಕೆರಡು ಸಲ ಗಸ್ತು ಬರುತ್ತದೆ, ಈ ಮುಖದ ಗಂಡಸು ಕಂಡರೆ ಕೇಳುವುದು ಗೀಳುವುದು ಇಲ್ಲ, ಗುಂಡೇ ಎಂದು ಡಂಗುರ ಹೊಡೆಸಿದ್ದರು.

ದೀಪ ಹಚ್ಚುವ ಹೊತ್ತಿಗೆ ಯಮನೂರ ಮನೆಗೆ ಬಂದ. ಮುಂಬಾಗಿಲಿನಿಂದ, ಕಾವಲಿಲ್ಲದ ಬಾಗಿಲಿನಿಂದ. ಏಳು ತಿಂಗಳ ಮೇಲೆ ಅವನನ್ನು ತಬ್ಬಿಕೊಂಡೆ. ಇಬ್ಬರೂ ಕರ್ನಲ್‌ನನ್ನು ನೆನೆಸಿಕೊಂಡು ಹೊಟ್ಟೆ ಹಿಡಿದು ನಕ್ಕೆವು. ಅವನು ಬಚ್ಚಲಿಗೆ ಹೋಗಿ ಕೈಕಾಲು ತೊಳೆದುಕೊಂಡು, ತನ್ನ ಜಾಗದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ತಟ್ಟೆಯನ್ನು ಹತ್ತಿರ ಎಳೆದುಕೊಂಡ.

"ಹಾಕು ಯಕ್ಕಾ. ಊರೆಲ್ಲಾರ ರೊಟ್ಟಿ ತಿಂದು ಸಾಕಾಗೈತಿ."

ಎಣಗಾಯಿ ಮಾಡಿದ್ದೆ. ಹಂಚಿನ ಮೇಲಿನ ರೊಟ್ಟಿ ಉಬ್ಬಿತ್ತು. ಅದನ್ನು ತೆಗೆದುಕೊಂಡು ಅವನ ಮುಂದೆ ಬಗ್ಗಿದೆ. ಒಂದು ಊಟಕ್ಕೆ ಹುಬ್ಬು, ಎರಡನೆಯದಕ್ಕೆ ಮೂಗು. ತೆರೆದ ಬಾಗಿಲಿನ ಆಚೆ, ಎದುರು ಮನೆಯ ಗೋಡೆಯಿಂದ ಅವನದೇ ಮುಖ ಇವನನ್ನು ನೋಡುತ್ತಿತ್ತು. ಬಗ್ಗಿದವಳು ಹಾಗೆಯೇ ನಿಂತೆ.

"ಏನಾತು?" ಎಂದ.

"ಏಳಪಾ ತಮ್ಮಾ. ಕುಂಬಾರ ಮನ್ಯಾಗ ಹೋಗಿ ಉಣ್ಣು."

ತಮಾಷೆ ಎಂದುಕೊಂಡು ನಕ್ಕ. ನನ್ನ ಮುಖ ನೋಡಿದ. ತಿರುಗಿ ಗೋಡೆಯ ಕಡೆ ನೋಡಿದ. ಆಮೇಲೆ ನಗಲಿಲ್ಲ. "ಒಂದ್ ತುತ್ತು ಯಕ್ಕಾ" ಎಂದ, ಆರು ವರ್ಷದವನಿದ್ದಾಗ ಕೇಳುತ್ತಿದ್ದ ಹಾಗೆಯೇ. ನಾನು ತಟ್ಟೆಯನ್ನು ಅವನ ಮುಂದಿನಿಂದ ಎತ್ತಿಕೊಂಡೆ. ಅವನು ತೊಳೆದ ಕೈಯನ್ನು ಹಾಗೇ ಹಿಡಿದುಕೊಂಡು ಎದ್ದು ಹೋದ.

ಯುದ್ಧ ಇನ್ನೂ ಮುಗಿದಿಲ್ಲ. ಗಸ್ತಿನವರು ವಾರಕ್ಕೆರಡು ಸಲ ಬಂದು ಹೋಗುತ್ತಾರೆ, ಸಾಣೆಯವನ ಹತ್ತಿರ ಚಾಕು ಹದ ಮಾಡಿಸಿಕೊಳ್ಳುತ್ತಾರೆ. ನನ್ನ ತಮ್ಮ ಬದುಕಿದ್ದಾನೆ. ಈ ಊರಿನ ಎಲ್ಲ ಮನೆಯಲ್ಲೂ ಉಣ್ಣುತ್ತಾನೆ, ನನ್ನ ಮನೆಯೊಂದು ಬಿಟ್ಟು.